ಉತ್ತರ ಉಳಿಯಿತು, ಪ್ರಶ್ನೆ ಎಲ್ಲಿ?

ಒಂದು ಹಲಗೆ, ಮೂರು ಹಳೆಯ ಬೇರಿಂಗು, ಇಳಿಜಾರಿನ ಒಂದು ರಸ್ತೆ. ಇಷ್ಟು ಸಿಕ್ಕಿದರೆ ನಮ್ಮ ಬೇಸಿಗೆ ರಜೆ ಸಾರ್ಥಕ. ಲಾರಿ ಗ್ಯಾರೇಜಿನ ಮೂಲೆಯಲ್ಲಿ ಗ್ರೀಸು ಮೆತ್ತಿಕೊಂಡು ಬಿದ್ದಿರುತ್ತಿದ್ದ ಬೇರಿಂಗನ್ನು ಮೆಕ್ಯಾನಿಕ್ಕಿನ ಹತ್ತಿರ ಗೋಗರೆದು ತಂದು, ಸೀಮೆಎಣ್ಣೆಯಲ್ಲಿ ತೊಳೆದು, ಹಲಗೆಗೆ ಬಿಗಿದರೆ ಗಾಡಿ ಸಿದ್ಧ. ಡಾಂಬರಿನ ಮೇಲೆ ಅದು ಎಬ್ಬಿಸುತ್ತಿದ್ದ ಗದ್ದಲಕ್ಕೆ ಬೀದಿಯೆಲ್ಲ ಬೈಯುತ್ತಿತ್ತು. ಬೇರಿಂಗು ಒಂದು ಸುಂದರ ವಸ್ತು ಎಂದು ನಮಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಾವು ಕೇಳುತ್ತಿರಲಿಲ್ಲ. ಗಾಡಿ ಓಡಿದರೆ ಸಾಕಿತ್ತು.

ಆದರೆ ಹಾಗೆ ಹೇಳಿದವರಿದ್ದರು. 1934ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್, ಅಂದರೆ ಮೋಮಾ, ಫಿಲಿಪ್ ಜಾನ್ಸನ್ನನ ನೇತೃತ್ವದಲ್ಲಿ 'ಮಷೀನ್ ಆರ್ಟ್' ಎಂಬ ಪ್ರದರ್ಶನ ನಡೆಸಿತು. ಸ್ಪ್ರಿಂಗು, ಹಡಗಿನ ಪ್ರೊಪೆಲ್ಲರ್, ಪ್ರಯೋಗಾಲಯದ ಗಾಜಿನ ಪಾತ್ರೆಗಳನ್ನು ಶಿಲ್ಪಗಳ ಹಾಗೆ ಪೀಠದ ಮೇಲಿಟ್ಟು ತೋರಿಸಿದರು. ಕ್ಯಾಟಲಾಗಿನ ಹೊದಿಕೆಯ ಮೇಲೆ ರಾರಾಜಿಸಿದ್ದು ಒಂದು ಬಾಲ್ ಬೇರಿಂಗು. ಒಳಪುಟದಲ್ಲಿ ಪ್ಲೇಟೋ: ಸರಳರೇಖೆ, ವೃತ್ತಗಳಂಥ ಆಕಾರಗಳು ಬೇರೆ ಯಾವುದರ ಹಂಗೂ ಇಲ್ಲದೆ ತಮ್ಮಷ್ಟಕ್ಕೇ ಸುಂದರ ಎಂಬ ಆತನ ವಾದ. ಅಂದಿನಿಂದ ಇಂದಿನವರೆಗೆ ಆ ಬೇರಿಂಗು ಮೋಮಾದ ಸಂಗ್ರಹದಲ್ಲಿದೆ.

ಈಗ ಆ ಬೇರಿಂಗು ಹುಟ್ಟಿದ ಜಾಗಕ್ಕೆ ಹೋಗೋಣ. ಸ್ವೀಡನ್ನಿನ ಗೋಥೆನ್‌ಬರ್ಗಿನ ಒಂದು ಬಟ್ಟೆ ಗಿರಣಿ. ಕೆಳಗಿನ ನೆಲ ಜೇಡಿಮಣ್ಣು. ಗಿರಣಿಯ ಭಾರಕ್ಕೆ ನೆಲ ಅಲ್ಲಲ್ಲಿ ಕುಸಿಯುವುದು, ಮಗ್ಗಗಳಿಗೆ ಶಕ್ತಿ ಹಾಯಿಸುವ ಉದ್ದನೆಯ ಶಾಫ್ಟು ಸೊಟ್ಟಗಾಗುವುದು, ಬೇರಿಂಗು ಕಾದು ಕೂರುವುದು, ಕೆಲಸ ನಿಲ್ಲುವುದು. ಅಲ್ಲಿ ಯಂತ್ರಗಳ ನಿರ್ವಹಣೆ ನೋಡಿಕೊಳ್ಳುತ್ತಿದ್ದ ಸ್ವೆನ್ ವಿಂಗ್‌ಕ್ವಿಸ್ಟ್ ಎಂಬ ಇಂಜಿನಿಯರು ನೆಲವನ್ನು ರಿಪೇರಿ ಮಾಡಲಾಗದೆ ಬೇರಿಂಗನ್ನೇ ಬದಲಾಯಿಸಿದ. ಎರಡು ಸಾಲು ಗುಂಡು, ಹೊರಬಳೆಯ ಒಳಮೈ ಗೋಳದ ಹಾಗೆ ಬಾಗಿದ್ದು. ಶಾಫ್ಟು ಓರೆಯಾದರೆ ಒಳಬಳೆಯೂ ಅದರ ಜೊತೆ ಓರೆಯಾಗಿ ನಿರಾತಂಕವಾಗಿ ತಿರುಗುತ್ತದೆ. 1907ರಲ್ಲಿ ಅದಕ್ಕೆ ಪೇಟೆಂಟು ಸಿಕ್ಕಿತು, ಎಸ್‌ಕೆಎಫ್ ಕಂಪನಿ ಹುಟ್ಟಿತು. ಅಂದರೆ ಈ ವೃತ್ತ ಬಂದಿದ್ದು ಪ್ಲೇಟೋನಿಂದಲ್ಲ, ಕೆಸರಿನಿಂದ.

ನನ್ನ ತಕರಾರು ಇಷ್ಟೇ. ದಿನಬಳಕೆಯ ಪ್ರತಿ ವಸ್ತುವೂ ಯಾವುದೋ ಒಂದು ಪ್ರಶ್ನೆಗೆ ಸಿಕ್ಕ ಉತ್ತರ. ಯುರೋಪಿನ, ಅಮೆರಿಕದ ವಿನ್ಯಾಸ ಸಂಗ್ರಹಾಲಯಗಳು ಉತ್ತರವನ್ನು ಜೋಪಾನವಾಗಿ ಒರೆಸಿ ಇಟ್ಟುಕೊಂಡು ಪ್ರಶ್ನೆಯನ್ನು ಹೊರಗೆ ಬಿಸಾಡಿವೆ. ಬಿಸಾಡಿದ ಜಾಗದಲ್ಲಿ 'ಒಳ್ಳೆಯ ಅಭಿರುಚಿ' ಎಂಬ ಮಾತನ್ನು ತಂದು ಕೂರಿಸಿವೆ. ಒಳ್ಳೆಯ ವಿನ್ಯಾಸಕ್ಕೆ ಕಾಲವಿಲ್ಲ, ಅದು ಸರಳ, ಅದು ಒಬ್ಬ ಪ್ರತಿಭಾವಂತನ ಕೈಯಿಂದ ಬಂದದ್ದು, ಅಂಥವನ್ನು ಆರಿಸಿ ಉಳಿಸುವುದೇ ಮ್ಯೂಸಿಯಮ್ಮಿನ ಕೆಲಸ ಎಂಬುದು ಈಗ ಎಲ್ಲರೂ ಒಪ್ಪಿಕೊಂಡ ಮಾತಾಗಿದೆ. ನಮ್ಮ ಡಿಸೈನ್ ಕಾಲೇಜುಗಳ ಮಕ್ಕಳೂ ಇದನ್ನೇ ಬಾಯಿಪಾಠ ಮಾಡುತ್ತಾರೆ.

ಈ ಅಭಿರುಚಿಯ ಮಾತು ಎಲ್ಲಿಂದ ಬಂತು? ಲಂಡನ್ನಿನಲ್ಲಿ 1851ರ ಮಹಾಪ್ರದರ್ಶನ ಮುಗಿದ ಮೇಲೆ ಬ್ರಿಟಿಷ್ ಸರ್ಕಾರಕ್ಕೆ ಒಂದು ಆತಂಕ ಉಳಿಯಿತು: ನಮ್ಮ ಯಂತ್ರಗಳು ಜಗತ್ತಿಗೇ ಮೊದಲು, ಆದರೆ ನಮ್ಮ ಸರಕು ಫ್ರೆಂಚರ ಸರಕಿನ ಮುಂದೆ ಒರಟಾಗಿ ಕಾಣುತ್ತಿದೆ. ಆ ಪ್ರದರ್ಶನದಿಂದ ಮಾದರಿ ವಸ್ತುಗಳನ್ನು ಕೊಳ್ಳಲು 5,000 ಪೌಂಡು ಮಂಜೂರಾಯಿತು. ಹೆನ್ರಿ ಕೋಲ್ ಎಂಬ ಅಧಿಕಾರಿಯ ಉಸ್ತುವಾರಿಯಲ್ಲಿ 1852ರಲ್ಲಿ 'ಮ್ಯೂಸಿಯಂ ಆಫ್ ಮ್ಯಾನುಫ್ಯಾಕ್ಚರ್ಸ್' ತೆರೆಯಿತು. ಇಂದಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನ ಮೂಲ ಅದೇ. ಅದು ವ್ಯಾಪಾರ ಮಂಡಳಿಯ ಅಧೀನದಲ್ಲಿತ್ತು ಎಂಬುದನ್ನು ನೆನಪಿಡಬೇಕು. ಅಭಿರುಚಿ ಎಂಬುದು ಅಲ್ಲಿ ರಸಿಕರ ಹರಟೆಯಾಗಿರಲಿಲ್ಲ, ರಫ್ತಿನ ಲೆಕ್ಕವಾಗಿತ್ತು.

ಕೋಲ್ ಮತ್ತು ಅವನ ಗೆಳೆಯರು ಒಂದು ಕೋಣೆಯಲ್ಲಿ ಕೆಟ್ಟ ವಿನ್ಯಾಸಗಳನ್ನು ಜೋಡಿಸಿ 'ಅಲಂಕಾರದ ತಪ್ಪು ತತ್ವಗಳು' ಎಂದು ಹೆಸರಿಟ್ಟರು. ಕಾಲಿಟ್ಟರೆ ತುಳಿಯಬೇಕಾದ ಹೂಗಳಿರುವ ರತ್ನಗಂಬಳಿ, ಹೂವಿನಾಕಾರದ ಗ್ಯಾಸ್ ದೀಪ ಇಂಥವು. ಜನ ಅದಕ್ಕೆ 'ಭೀಕರ ವಸ್ತುಗಳ ಕೋಣೆ' ಎಂದು ಅಡ್ಡಹೆಸರಿಟ್ಟು ನುಗ್ಗಿ ಬಂದರು. ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ ಪತ್ರಿಕೆಯಲ್ಲಿ ಅದೇ ವರ್ಷ ಹೆನ್ರಿ ಮಾರ್ಲಿ ಒಂದು ಲೇವಡಿ ಬರೆದ. ಅದರಲ್ಲಿ ಒಬ್ಬ ಗೃಹಸ್ಥ ಆ ಕೋಣೆ ನೋಡಿಕೊಂಡು ಬಂದ ಮೇಲೆ ತನ್ನ ಮನೆಯ ಪರದೆ, ಪ್ಯಾಂಟು, ಟೀ ಕಪ್ಪು ಎಲ್ಲದರಲ್ಲೂ ಪಾಪ ಕಂಡು ಕಂಗಾಲಾಗುತ್ತಾನೆ. ಸರಕು ತಯಾರಕರು ಗಲಾಟೆ ಎಬ್ಬಿಸಿದರು, ಕೋಣೆ ಬೇಗನೆ ಮುಚ್ಚಿತು. ತಮಾಷೆಯೆಂದರೆ, ಅದೇ ಸಂಗ್ರಹದಲ್ಲಿ 'ಸರಿಯಾದ ತತ್ವ'ಕ್ಕೆ ಮಾದರಿಯಾಗಿ ತೋರಿಸಿದವುಗಳಲ್ಲಿ ಭಾರತದ ನೇಯ್ಗೆಯೂ ಇತ್ತು. ಆ ನೇಕಾರರ ಬದುಕು ಮ್ಯಾಂಚೆಸ್ಟರಿನ ಗಿರಣಿ ಬಟ್ಟೆಯಿಂದ ಮುಳುಗುತ್ತಿದ್ದ ಕಾಲ ಅದು. ಅವರ ಬಟ್ಟೆ ಗೋಡೆಯ ಮೇಲೆ ಪಾಠವಾಯಿತು. ಅವರ ಪ್ರಶ್ನೆ ಆ ಕೋಣೆಯೊಳಗೆ ಬರಲಿಲ್ಲ.

1909ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಗುಸ್ತಾವ್ ಪಾಜೌರೆಕ್ ಎಂಬ ಮ್ಯೂಸಿಯಂ ನಿರ್ದೇಶಕ ಅದೇ ಆಟವನ್ನು ಇನ್ನೂ ಗಂಭೀರವಾಗಿ ಆಡಿದ. ಅಭಿರುಚಿಯ ತಪ್ಪುಗಳಿಗೆಂದೇ ಒಂದು ವಿಭಾಗ ತೆರೆದು, ತಪ್ಪುಗಳನ್ನು ಸಸ್ಯಶಾಸ್ತ್ರಜ್ಞ ಗಿಡಗಳನ್ನು ವಿಂಗಡಿಸಿದಂತೆ ವಿಂಗಡಿಸಿದ. ಬೋಧನೆಯ ಉತ್ಸಾಹದಲ್ಲಿ ಅವನು ಒಂದು ಉಪಕಾರವನ್ನೂ ಮಾಡಿಬಿಟ್ಟ. ಸಾಮಾನ್ಯರು ನಿಜವಾಗಿ ಏನನ್ನು ಕೊಂಡು ಮನೆಯಲ್ಲಿಟ್ಟುಕೊಳ್ಳುತ್ತಿದ್ದರು ಎಂಬುದಕ್ಕೆ ಅವನ ತಿರಸ್ಕಾರದ ಸಂಗ್ರಹದಷ್ಟು ಒಳ್ಳೆಯ ಸಾಕ್ಷಿ, ಆ ಕಾಲದ ಮೆಚ್ಚುಗೆಯ ಸಂಗ್ರಹಗಳಲ್ಲಿ ಸಿಗುವುದು ಕಷ್ಟ.

ಮೆಚ್ಚುಗೆಯ ಸಂಗ್ರಹಗಳಲ್ಲೆಲ್ಲ ತಪ್ಪದೆ ಸಿಗುವ ಒಂದು ವಸ್ತುವೆಂದರೆ ಮಿಖಾಯೆಲ್ ಥೋನೆಟ್‌ನ 14ನೇ ನಂಬರಿನ ಕುರ್ಚಿ. ಬಾಗಿದ ಮರ, ದುಂಡನೆಯ ಬೆತ್ತದ ಆಸನ. 1859ರ ವಿಯೆನ್ನಾದ ಸರಕು. ಮುಂಬಯಿಯ ಇರಾನಿ ಹೋಟೆಲುಗಳಲ್ಲಿ ಚಾ ಕುಡಿದವರಿಗೆ ಅದರ ದಾಯಾದಿಗಳ ಪರಿಚಯವಿದ್ದೇ ಇದೆ. ಮ್ಯೂಸಿಯಮ್ಮುಗಳ ಪುಸ್ತಕಗಳು ಅದರ 'ರೇಖೆಯ ಲಾವಣ್ಯ'ವನ್ನು ಕೊಂಡಾಡುತ್ತವೆ. ಕುರ್ಚಿ ಚೆಂದವಿದೆ, ಜಗಳವಿಲ್ಲ. ಆದರೆ ಆ ಬಾಗು ಯಾಕೆ ಬಂತು?

ಥೋನೆಟ್ ಮೊದಲು ಮರದ ತೆಳು ಪದರಗಳನ್ನು ಅಂಟಿಸಿ ಬಾಗಿಸುತ್ತಿದ್ದ. ಹಡಗೇರಿ ಬಿಸಿಯೂ ತೇವವೂ ಇರುವ ದೇಶಗಳಿಗೆ ಹೋದಾಗ ಅಂಟು ಬಿಟ್ಟುಕೊಳ್ಳುತ್ತಿತ್ತು. ಇಡೀ ಕೋಲನ್ನೇ ಹಬೆಯಲ್ಲಿ ಬೇಯಿಸಿ ಬಾಗಿಸೋಣವೆಂದರೆ ಹೊರಮೈಯ ನಾರು ಹಿಗ್ಗಲಾರದೆ ಸೀಳುತ್ತಿತ್ತು. ಹೊರಮೈಗೆ ಒಂದು ಕಬ್ಬಿಣದ ಪಟ್ಟಿ ಬಿಗಿದು ಬಾಗಿಸಿದರೆ ಮರ ಹಿಗ್ಗುವ ಬದಲು ಕುಗ್ಗುತ್ತದೆ, ಸೀಳುವುದಿಲ್ಲ. ಎಲ್ಲ ಗುಟ್ಟು ಆ ಪಟ್ಟಿಯಲ್ಲಿದೆ. ಬೀಚ್ ಮರ ಹೇರಳವಾಗಿದ್ದ, ಕೂಲಿ ಅಗ್ಗವಾಗಿದ್ದ ಮೊರಾವಿಯಾದ ಕೊರಿಚಾನಿಯಲ್ಲಿ ಕಾರ್ಖಾನೆ ಎದ್ದಿತು. ಬೇಯಿಸಿದ ಮರ ಆರುವ ಮುನ್ನ ಅಚ್ಚಿಗೆ ಬಗ್ಗಿಸುವುದು ರಟ್ಟೆ ಗಟ್ಟಿಯಿದ್ದ ಗಂಡಸರ ಕೆಲಸ. ಬೆತ್ತ ಹೆಣೆಯುವುದು, ಹೊಳಪು ಕೊಡುವುದು ಹೆಂಗಸರ ಕೆಲಸ. ಇಡೀ ಕುರ್ಚಿ ಆರು ತುಂಡು, ಹತ್ತು ಸ್ಕ್ರೂ, ಎರಡು ನಟ್ಟು. ಬಿಚ್ಚಿಟ್ಟರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು; ತಲುಪಿದ ಊರಿನಲ್ಲಿ ಜೋಡಿಸಿಕೊಳ್ಳಬಹುದಿತ್ತು. 1930ರ ಹೊತ್ತಿಗೆ 5 ಕೋಟಿ ಕುರ್ಚಿ ಮಾರಾಟವಾಗಿದ್ದವು ಎನ್ನುತ್ತಾರೆ.

ಹಾಗಾದರೆ 14ನೇ ನಂಬರಿನ ನಿಜವಾದ ಶಿಲ್ಪ ಯಾವುದು? ನನ್ನನ್ನು ಕೇಳಿದರೆ ಆ ಪೆಟ್ಟಿಗೆ. ಹಡಗಿನ ಬಾಡಿಗೆ, ಕಡಲ ತೇವ, ಮೊರಾವಿಯಾದ ಕೂಲಿ ಇವೇ ಅದರ ರೇಖೆ ಎಳೆದವು. ಮ್ಯೂಸಿಯಂ ಜೋಡಿಸಿದ ಕುರ್ಚಿಯನ್ನು ಪೀಠದ ಮೇಲಿಟ್ಟು 'ಮಿಖಾಯೆಲ್ ಥೋನೆಟ್, 1859' ಎಂದು ಚೀಟಿ ಅಂಟಿಸುತ್ತದೆ. ಕಬ್ಬಿಣದ ಪಟ್ಟಿಯಿಲ್ಲ, ಪೆಟ್ಟಿಗೆಯಿಲ್ಲ, ಬೆತ್ತ ಹೆಣೆದು ಒರಟಾದ ಬೆರಳುಗಳ ಸುಳಿವಿಲ್ಲ. ಕೂರಲು ಬಿಡುವುದಿಲ್ಲವಾದ್ದರಿಂದ ಅದು ಕುರ್ಚಿಯೂ ಅಲ್ಲ.

'ಫ್ರಾಂಕ್‌ಫರ್ಟ್ ಅಡುಗೆಮನೆ'ಯ ಕಥೆ ಇನ್ನೂ ತೊಡಕಿನದು. ಮೊದಲ ಮಹಾಯುದ್ಧದ ಬಳಿಕ ಮನೆಯಿಲ್ಲದವರಿಗೆ ಫ್ರಾಂಕ್‌ಫರ್ಟ್ ನಗರ ಸಾವಿರಾರು ಮನೆ ಕಟ್ಟಿಸುತ್ತಿದ್ದಾಗ, 1926ರಲ್ಲಿ ಮಾರ್ಗರೆಟೆ ಶುಟ್ಟೆ-ಲಿಹೊಟ್ಸ್ಕಿ ಎಂಬ ವಾಸ್ತುಶಿಲ್ಪಿ ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಒಂದು ಅಡುಗೆಮನೆ ರೂಪಿಸಿದಳು. ಕಾರ್ಖಾನೆಯ ಕೆಲಸಗಾರನ ಹೆಜ್ಜೆ ಎಣಿಸುವಂತೆ ಗೃಹಿಣಿಯ ಹೆಜ್ಜೆ ಎಣಿಸಿ, ಕೈಚಾಚಿದಲ್ಲಿ ಎಲ್ಲ ಸಿಗುವಂತೆ ಜೋಡಿಸಿದ್ದು. ಬೇಳೆ, ಸಕ್ಕರೆಗೆ ಹಿಡಿಯಿರುವ ಅಲ್ಯೂಮಿನಿಯಂ ಡಬ್ಬಿಗಳ ಸಾಲು, ಮಡಚಿಡುವ ಇಸ್ತ್ರಿ ಹಲಗೆ, ಹುಳು ಹತ್ತದಿರಲೆಂದು ಹಿಟ್ಟಿಗೆ ಓಕ್ ಮರದ ಡ್ರಾಯರ್. ಸುಮಾರು 10,000 ಮನೆಗಳಿಗೆ ಅದನ್ನು ಅಳವಡಿಸಿದರು. ಇಂದು ವಿಯೆನ್ನಾದ ಮಾಕ್, ಮೋಮಾ, ಬರ್ಲಿನ್ನಿನ ವಸ್ತುಗಳ ಮ್ಯೂಸಿಯಂ ಎಲ್ಲವೂ ಒಂದೊಂದನ್ನು ಇಟ್ಟುಕೊಂಡಿವೆ. ಆಧುನಿಕ ಅಡುಗೆಮನೆಯ ತಾಯಿ, ಹೆಣ್ಣಿನ ಬಿಡುಗಡೆಯ ವಿನ್ಯಾಸ ಎಂಬುದು ಅದರ ಬಿರುದು.

ಆದರೆ ಅಲ್ಲಿ ನಿಂತು ಅಡುಗೆ ಮಾಡಿದವರು ಹೇಳಿದ್ದೇನು? ಒಬ್ಬರೇ ನಿಲ್ಲಬಹುದು, ಮಗಳು ನೆರವಿಗೆ ಬಂದರೂ ಮೈ ತಾಗುತ್ತದೆ. ಕೂತು ಉಣ್ಣಲು ಜಾಗವಿಲ್ಲ. ಆ ಚೆಂದದ ಡಬ್ಬಿಗಳು ಮಕ್ಕಳ ಕೈಗೆ ಸಲೀಸಾಗಿ ಎಟಕುತ್ತವೆ. ಮೊದಲು ಮನೆಯ ನಡುವೆ ಎಲ್ಲರ ಮಾತಿನ ಜೊತೆ ಸಾಗುತ್ತಿದ್ದ ಕೆಲಸ ಈಗ ಬಾಗಿಲ ಹಿಂದೆ ಒಂಟಿಯಾಯಿತು. ತಾನು ಅಡುಗೆ ಮಾಡಿ ಸಂಸಾರ ನಡೆಸಿದವಳಲ್ಲ ಎಂದು ವಿನ್ಯಾಸಕಿಯೇ ಒಪ್ಪಿಕೊಂಡಿದ್ದಾಳೆ. ಮುಂದೆ ನಾಜಿಗಳ ವಿರುದ್ಧ ಕೆಲಸ ಮಾಡಿ 1941ರಲ್ಲಿ ಸೆರೆ ಸೇರಿ ಯುದ್ಧ ಮುಗಿಯುವವರೆಗೂ ಜೈಲಿನಲ್ಲಿದ್ದ, 2000ದವರೆಗೂ ಬದುಕಿದ ಈ ಹೆಂಗಸಿಗೆ ಜನ ಈ ಅಡುಗೆಮನೆಯೊಂದನ್ನೇ ಹಿಡಿದು ಮಾತಾಡುವುದು ಬೇಸರ ತರಿಸುತ್ತಿತ್ತು. ಮನೆಯವರು ಮುಂದೆ ಡಬ್ಬಿ ಕಿತ್ತರು, ಕಪಾಟು ಬದಲಿಸಿದರು, ಹೊಸ ಒಲೆ ತಂದರು. ಮ್ಯೂಸಿಯಂ ಏನು ಮಾಡುತ್ತದೆ? ಕೆಡವುವ ಮನೆಯಿಂದ ಉಳಿದದ್ದನ್ನು ಎತ್ತಿ ತಂದು, ಆ ಬದಲಾವಣೆಗಳನ್ನೆಲ್ಲ ಅಳಿಸಿ, 1926ರ ಬಣ್ಣ ಬಳಿದು ನಿಲ್ಲಿಸುತ್ತದೆ. ಅಳಿಸಿದ್ದು ಬರೀ ಕೊಳೆಯಲ್ಲ. ಅಲ್ಲಿ ದುಡಿದವಳು ವಿನ್ಯಾಸಕ್ಕೆ ಕೊಟ್ಟ ವಿಮರ್ಶೆ ಅದು, ಹತ್ತಾರು ವರ್ಷ ಕೂತು ಬರೆದದ್ದು.

ಇಟಲಿಯ ಮೋಕಾ ಪಾತ್ರೆಯನ್ನೂ ನೋಡಿ. ಎಂಟು ಮೂಲೆಯ ಅಲ್ಯೂಮಿನಿಯಂ ಮೈ, ಆಲ್ಫೋನ್ಸೊ ಬಿಯಾಲೆಟ್ಟಿ, 1933. ತಳದ ನೀರು ಕುದಿದು ಹಬೆಯ ಒತ್ತಡಕ್ಕೆ ಮೇಲೇರಿ, ಕಾಫಿಪುಡಿಯನ್ನು ಹಾಯ್ದು ಮೇಲಿನ ಪಾತ್ರೆಯಲ್ಲಿ ತುಂಬುತ್ತದೆ. ನಮ್ಮ ಹಿತ್ತಾಳೆ ಫಿಲ್ಟರಿನಲ್ಲಿ ಡಿಕಾಕ್ಷನ್ ಕೆಳಗಿಳಿಯುತ್ತದೆ, ಅಲ್ಲಿ ಮೇಲಕ್ಕೇರುತ್ತದೆ. ಇಟಲಿಯ ಮನೆಗಳಲ್ಲಿ ಅದನ್ನು ಸೋಪಿನಿಂದ ತೊಳೆಯುವುದು ಅಪರಾಧ. ಒಳಮೈಗೆ ಕಟ್ಟಿದ ಕಂದು ಕರೆ ಉಳಿದರೇ ರುಚಿ ಎನ್ನುತ್ತಾರೆ. ರಬ್ಬರ್ ವಾಷರ್ ಸವೆದರೆ ಬದಲಿಸುತ್ತಾರೆ, ಪಾತ್ರೆ ಬದಲಿಸುವುದಿಲ್ಲ. ಸಂಗ್ರಹಾಲಯದ ಮೋಕಾ ಮಾತ್ರ ಒಂದು ಹನಿ ಕಾಫಿಯನ್ನೂ ಕಂಡಿರದ ಹಾಗೆ ಫಳಫಳ ಹೊಳೆಯುತ್ತದೆ. ಕಬ್ಬಿಣ, ತಾಮ್ರಗಳ ಕೊರತೆಯಿದ್ದ ದೇಶದಲ್ಲಿ ಮುಸೊಲಿನಿಯ ಆಡಳಿತ ಅಲ್ಯೂಮಿನಿಯಮ್ಮನ್ನು ಸ್ವದೇಶಿ ಲೋಹವೆಂದು ಮೆರೆಸಿದ ಕಾಲದ ಪಾತ್ರೆ ಅದು. ಮನೆಮನೆಗೆ ಹೊಕ್ಕಿದ್ದು ಯುದ್ಧ ಮುಗಿದ ಮೇಲೆ, ಮಗ ರೆನಾಟೊನ ಜಾಹೀರಾತಿನ ಬಲದಿಂದ. 2016ರಲ್ಲಿ ಸತ್ತಾಗ ಅವನ ಚಿತಾಭಸ್ಮವನ್ನು ಇಟ್ಟದ್ದೂ ಒಂದು ದೊಡ್ಡ ಮೋಕಾ ಪಾತ್ರೆಯಲ್ಲೇ. ಇದರಲ್ಲಿ ನಮ್ಮದೂ ಒಂದು ಪಾಲಿದೆ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ಆ ಕಾಫಿಯ ಬಹುಪಾಲು ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ. ಲೋಹದ ರಾಜಕೀಯ, ಪುಡಿಯ ಊರು, ಕರೆಯ ರುಚಿ ಮೂರನ್ನೂ ಬಿಟ್ಟು ಎಂಟು ಮೂಲೆಯೊಂದನ್ನೇ ನೋಡಿ ಎಂದರೆ ಹೇಗೆ?

ಇದಕ್ಕೆ ಎದುರು ಮಾತಿದೆ, ಅದು ಹಗುರದ್ದೂ ಅಲ್ಲ. ಒಂದು ಕುರ್ಚಿಯ ಜೊತೆ ಮೊರಾವಿಯಾವನ್ನೇ ತಂದಿಡಲಾಗುತ್ತದೆಯೇ? ಪ್ರತಿ ವಸ್ತುವಿನ ಸುತ್ತಲೂ ಇತಿಹಾಸ ಪೇರಿಸಿದರೆ ವಸ್ತುವೇ ಕಾಣದೆ ಹೋಗುವುದಿಲ್ಲವೇ? ಮೇಲಾಗಿ, ಸ್ಪ್ರಿಂಗು ಬೇರಿಂಗುಗಳನ್ನು ಕಣ್ಣೆತ್ತಿಯೂ ನೋಡದ ಜನರನ್ನು ನಿಲ್ಲಿಸಿ ನೋಡಿಸಿದ್ದೇ ಆ ಬಿಳಿ ಪೀಠ. ಈ ಮಾತನ್ನು ಅರ್ಧ ಒಪ್ಪುತ್ತೇನೆ. ಬೀದಿಯ ವಸ್ತುವಿಗೆ ಮರ್ಯಾದೆ ಸಿಕ್ಕಿದ್ದು ದೊಡ್ಡದೇ. ಸಾಂದರ್ಭಿಕತೆಯ ಹೆಸರಿನಲ್ಲಿ ಬೇರೊಂದು ಕೇಡೂ ನಡೆಯುತ್ತದೆ. ಸ್ಟಾಕ್‌ಹೋಮಿನಲ್ಲಿ 1891ರಲ್ಲಿ ತೆರೆದ ಸ್ಕಾನ್ಸೆನ್‌ನಂಥ ಬಯಲು ಸಂಗ್ರಹಾಲಯಗಳು ರೈತರ ಮನೆ, ಚಮಚ, ರಾಟೆಗಳನ್ನು ಊರಿನ ಸಮೇತ ಉಳಿಸಿದವು. ಅಲ್ಲಿ ಊರಿದೆ, ಬಳಕೆಯಿದೆ; ಮಾಡಿದವರ ಹೆಸರು ಮಾತ್ರ 'ಜನಪದ'ದಲ್ಲಿ ಕರಗಿಹೋಗಿದೆ. ಒಂದೇ ಯುರೋಪಿನಲ್ಲಿ ರೈತನ ಚಮಚಕ್ಕೆ ಹೆಸರಿಲ್ಲದ ಊರು, ಕಾರ್ಖಾನೆಯ ಚಮಚಕ್ಕೆ ಊರಿಲ್ಲದ ಹೆಸರು. ಎರಡೂ ಅರೆಬರೆ.

ಬೇರೆ ದಾರಿ ಇಲ್ಲವೆಂದಲ್ಲ. ಬರ್ಲಿನ್ನಿನ ವಸ್ತುಗಳ ಮ್ಯೂಸಿಯಂ 2009ರಲ್ಲಿ ಪಾಜೌರೆಕ್‌ನ ಹಳೆಯ ತಪ್ಪುಪಟ್ಟಿಯನ್ನೇ ಮತ್ತೆ ಎತ್ತಿಕೊಂಡು 'ಕೆಟ್ಟ ವಸ್ತುಗಳು' ಎಂಬ ಪ್ರದರ್ಶನ ಮಾಡಿತು, ನೋಡಬಂದವರು ತಮ್ಮ ಮನೆಯ ವಸ್ತುಗಳನ್ನೂ ತಂದು ಸೇರಿಸಬಹುದಿತ್ತು. ತೀರ್ಪು ಕೊಡುವ ಕುರ್ಚಿಯಿಂದ ಮ್ಯೂಸಿಯಂ ಸ್ವಲ್ಪ ಪಕ್ಕಕ್ಕೆ ಸರಿದ ಗಳಿಗೆ ಅದು. ಲಂಡನ್ನಿನ ವಿ ಅಂಡ್ ಎ 2025ರಲ್ಲಿ ತನ್ನ ಉಗ್ರಾಣವನ್ನೇ ಜನರಿಗೆ ತೆರೆದಿದೆ; ಬೇಕಾದ ವಸ್ತುವನ್ನು ಮೊದಲೇ ಹೇಳಿಟ್ಟರೆ ತೆಗೆದು ಮುಂದಿಡುತ್ತಾರೆ. ಅಲ್ಲಿ ಒಂದು ಫ್ರಾಂಕ್‌ಫರ್ಟ್ ಅಡುಗೆಮನೆಯೂ ಇದೆ, ಆಗ್ರಾದಿಂದ ಹೋದ ಮೊಗಲ್ ಕಾಲದ ಕಂಬಸಾಲೂ ಒಂದೇ ಸೂರಿನಡಿ ಇದೆ. ಕಪಾಟು ತೆರೆಯಿತು, ಒಳ್ಳೆಯದು. ಆದರೆ ಕಪಾಟು ತೆರೆದ ಮಾತ್ರಕ್ಕೆ ಪ್ರಶ್ನೆ ವಾಪಸು ಬರುವುದಿಲ್ಲ. ಇದು ಇಲ್ಲಿಗೆ ಹೇಗೆ ಬಂತು, ಯಾರಿಗೆ ಬೇಕಾಗಿತ್ತು ಎಂಬುದನ್ನು ಇನ್ನೂ ಕೇಳಬೇಕು.

ನಮಗೂ ಈ ಮಾತು ದೂರದ್ದಲ್ಲ. 1959ರಲ್ಲಿ ಮೋಮಾ ಅಮೆರಿಕ, ಯುರೋಪುಗಳ ಆಯ್ದ ಮನೆಬಳಕೆ ವಸ್ತುಗಳ ಪ್ರದರ್ಶನವೊಂದನ್ನು ಭಾರತಕ್ಕೆ ಕಳಿಸಿತು. ದೆಹಲಿಯಲ್ಲಿ ಶುರುವಾಗಿ ಊರೂರು ತಿರುಗಿದ ಆ ವಸ್ತುಗಳು ಇಲ್ಲೇ ಉಳಿದು, ಮುಂದೆ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಪಾಲಾದವು. ನಮ್ಮ ಮೊದಲ ತಲೆಮಾರಿನ ವಿನ್ಯಾಸಕಾರರ ಮುಂದೆ ಮಾದರಿಯೆಂದು ಬಂದು ನಿಂತದ್ದೂ ಹೀಗೆ ಪ್ರಶ್ನೆ ಕಳಚಿಕೊಂಡ ಉತ್ತರಗಳೇ.

ಅದಕ್ಕೂ ಸುಮಾರು ನೂರು ವರ್ಷ ಹಿಂದೆ ಯುರೋಪಿನ ಇನ್ನೊಂದು ವಿನ್ಯಾಸ ನಮ್ಮ ಕರಾವಳಿಗೆ ಬಂದಿತ್ತು. ಅದು ಬಂದದ್ದು ಪೀಠವೇರಿ ಅಲ್ಲ. ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯದ ಗಿಲಾರ್ಡೋನಿ ಸೋದರರು 1841ರಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುವ ಹೆಂಚಿಗೆ ಪೇಟೆಂಟು ಪಡೆದರು. ಬಾಸೆಲ್ ಮಿಷನ್ನಿನ ಗಿಯೋರ್ಗ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆ ಬಗೆಯ ಹೆಂಚಿನ ಕಾರ್ಖಾನೆ ಹಾಕಿದ. ಇಲ್ಲಿ ಪ್ರಶ್ನೆ ಕಾದು ನಿಂತಿತ್ತು: ವರ್ಷವರ್ಷ ಹೊದಿಸಬೇಕಾದ ಮುಳಿಹುಲ್ಲಿನ ಮಾಡು, ಆಷಾಢದ ಮಳೆ, ಬೆಂಕಿಯ ಭಯ. ನೇತ್ರಾವತಿಯ ದಡದ ಜೇಡಿ ಸಿಕ್ಕಿತು, ಸುಡುವ ಕೈಗಳು ಸಿಕ್ಕವು, ಊರಿನವರೇ ಕಾರ್ಖಾನೆ ಹಾಕಿದರು. ಗಿಲಾರ್ಡೋನಿ ಹೆಸರು ಮರೆತುಹೋಗಿ ಅದು ಮಂಗಳೂರು ಹೆಂಚಾಯಿತು. ಮಳೆಗಾಲಕ್ಕೆ ಮುಂಚೆ ಮಾಡು ಹತ್ತಿ ಒಡೆದ ಹೆಂಚು ತೆಗೆದು ಹೊಸದು ಕೂರಿಸುವವನಿಗೆ ಅದರ ತೋಡು, ಏಣು ಯಾಕಿವೆ ಎಂದು ಯಾರೂ ಚೀಟಿ ಬರೆದು ಹೇಳಬೇಕಿಲ್ಲ. ಈಗ ಹಳೆಯ ಮನೆ ಕೆಡವಿದಲ್ಲಿಂದ ತಂದ ಹೆಂಚನ್ನು ಹೋಂಸ್ಟೇಯ ಗೋಡೆಗೆ ಒಂಟಿಯಾಗಿ ನೇತುಹಾಕಿ ಕೆಳಗೊಂದು ದೀಪ ಹಚ್ಚುತ್ತಿದ್ದಾರೆ. ಮಳೆಯಿಂದ ಬಿಡಿಸಿದ ಹೆಂಚು. ಮೋಮಾ ಮಾಡಿದ್ದನ್ನೇ ನಾವೂ ಕಲಿತೆವು.

ಹಾಗಾಗಿ ನನ್ನ ಬೇಡಿಕೆ ಇತಿಹಾಸದ ದೊಡ್ಡ ಫಲಕಗಳಲ್ಲ. 14ನೇ ನಂಬರಿನ ಕುರ್ಚಿಯ ಪಕ್ಕ ಆ ಕಬ್ಬಿಣದ ಪಟ್ಟಿ, ಒಂದು ಪೆಟ್ಟಿಗೆ. ಅಡುಗೆಮನೆಯಲ್ಲಿ 1926ರ ಬಣ್ಣದ ಪಕ್ಕ, ಮನೆಯವಳು ಕಿತ್ತು ಬದಲಿಸಿದ ಒಂದು ಗೋಡೆ ಹಾಗೇ ಇರಲಿ. ಹೊಳೆಯುವ ಮೋಕಾದ ಜೊತೆ ಮೂವತ್ತು ವರ್ಷ ಒಲೆಯ ಮೇಲೆ ಕೂತ ಇನ್ನೊಂದು ಮೋಕಾ.

ಬೇರಿಂಗಿಗೆ ಇನ್ನೂ ಕಡಿಮೆ ಸಾಕು. ಅದನ್ನು ಪೀಠದ ಮೇಲೆ ನೆಟ್ಟಗೆ ನಿಲ್ಲಿಸಿದಷ್ಟೂ ಕಾಲ ಅದರ ಹೆಚ್ಚುಗಾರಿಕೆ ಕಾಣುವುದಿಲ್ಲ, ನೆಟ್ಟಗಿದ್ದಾಗ ಎಲ್ಲ ಬೇರಿಂಗೂ ಒಂದೇ. ಅದರೊಳಗೆ ಒಂದು ಶಾಫ್ಟನ್ನು ತೂರಿಸಿ, ಗೋಥೆನ್‌ಬರ್ಗಿನ ನೆಲ ಕುಸಿದಂತೆ ಒಂದು ತುದಿಯನ್ನು ತುಸು ಕೆಳಗಿಳಿಸಿ ಸೊಟ್ಟಗಿಡಲಿ. ಆಮೇಲೆ ನೋಡಬಂದ ಹುಡುಗನೊಬ್ಬನಿಗೆ, ತಿರುಗಿಸಿ ನೋಡು ಎನ್ನಲಿ.